ಪ್ರಾಣಾಯಾಮ ಶುರು ಮಾಡಿದರೆ ಬಿಪಿ ಮಾತ್ರೆ ಬಿಡಬಹುದಾ?

ಪ್ರಶ್ನೆ (ಬನಶಂಕರಿ): ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರಿಗೆ 52 ವರ್ಷ. ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತಾರೆ. ಬಿಪಿ 150/96 ಇತ್ತು. ಆಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಶುರುವಾದ ಮೇಲೆ 130/84ಕ್ಕೆ ಬಂದಿದೆ. ಪ್ರಾಣಾಯಾಮ, ಎಣ್ಣೆ ಮಸಾಜು ಮಾಡಿಸಿದರೆ ಮಾತ್ರೆಯೇ ಬೇಡ ಅಂತ ಪಾರ್ಕಿನಲ್ಲಿ ಯಾರೋ ಹೇಳಿದ್ದಾರಂತೆ. ಈಗ ಬಿಟ್ಟೇ ಬಿಡ್ತೀನಿ ಅಂತ ಹಟ ಹಿಡಿದಿದ್ದಾರೆ.

ಉತ್ತರ: ದಯವಿಟ್ಟು ಬಿಡೋಕೆ ಬಿಡಬೇಡಿ ಮೇಡಂ. 130 ಬಂದಿರುವುದು ಮಾತ್ರೆಯಿಂದ. ನಿಲ್ಲಿಸಿದರೆ ಕೆಲವು ದಿನಗಳಲ್ಲಿ ನಿಧಾನಕ್ಕೆ ಏರುತ್ತದೆ. ತಲೆನೋವು, ಸುಸ್ತು ಏನೂ ಇರಲ್ಲ, ಹಾಗಾಗಿ ಏರಿದ್ದೇ ಗೊತ್ತಾಗಲ್ಲ. ನನಗೆ ಭಯ ಇರುವುದು ಅದಕ್ಕೇ.

ಮಾತ್ರೆಯ ಜೊತೆಗೆ ಪ್ರಾಣಾಯಾಮ ಖಂಡಿತ ಮಾಡಲಿ. ನಿಮಿಷಕ್ಕೆ ಸುಮಾರು 6 ಉಸಿರು ಸಾಕು. 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ದಿನಾ ಹತ್ತು ಹದಿನೈದು ನಿಮಿಷ. ಉಸಿರು ನಿಧಾನವಾದಾಗ ರಕ್ತನಾಳಗಳನ್ನು ಬಿಗಿ ಮಾಡುವ ನರಗಳ ಆರ್ಭಟ ತಗ್ಗುತ್ತದೆ. ಹಳದಿ ಮಾರ್ಗದ ಮೆಟ್ರೋದಲ್ಲಿ ಸೀಟು ಸಿಕ್ಕರೆ ಕೂತಲ್ಲೇ ಮಾಡಬಹುದು. ಶವಾಸನವೂ ಒಳ್ಳೆಯದೇ. ಬಾಂಬೆಯ ಹೃದ್ರೋಗ ತಜ್ಞ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು ಬಿಪಿ ರೋಗಿಗಳಿಗೆ ಅದನ್ನು ಕಲಿಸಿ, 1969ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಆದರೆ ಇವುಗಳಿಂದ ಸಾಮಾನ್ಯವಾಗಿ ಇಳಿಯುವುದು ಕೆಲವೇ ಪಾಯಿಂಟು.

ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ಹಿಡಿಯುವ ಕುಂಭಕ, ಶೀರ್ಷಾಸನ ಬೇಡ. ಮಸಾಜು ಹಾಯಾಗಿರುತ್ತದೆ, ಮಾಡಿಸಲಿ. ಅದರ ಪರಿಣಾಮ ಜಾಸ್ತಿ ಹೊತ್ತು ನಿಲ್ಲುತ್ತದೆ ಎಂದು ನಂಬಬೇಡಿ.

ಪ್ರಶ್ನೆ (ಮಲ್ಲೇಶ್ವರಂ): ಸರ್, ನಾನು ದಿನಾ ಜ್ಯೇಷ್ಠಮಧು ಕಷಾಯ ಕುಡೀತೀನಿ. ಮನಸ್ಸಿಗೂ ಹಿತ. ಬಿಪಿಗೂ ಒಳ್ಳೇದಲ್ವಾ?

ಉತ್ತರ: ಬಿಪಿ ಇದ್ದರೆ ಇವತ್ತೇ ನಿಲ್ಲಿಸಿ. ಜ್ಯೇಷ್ಠಮಧು ದಿನಾ ಹೋದರೆ ದೇಹದಲ್ಲಿ ಉಪ್ಪು, ನೀರು ಉಳಿದು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಗಿಡಮೂಲಿಕೆ ತಾನೇ ಅಂತ ಯಾರೂ ಡಾಕ್ಟರ ಹತ್ತಿರ ಹೇಳಿರುವುದೇ ಇಲ್ಲ. ಶುಂಠಿ, ಜೀರಿಗೆ ಹಾಕಿ ಕುಡಿಯಿರಿ.

ಪ್ರಶ್ನೆ (ಬನಶಂಕರಿ): ಹಾಗಾದರೆ ಮಾತ್ರೆ ಯಾವತ್ತೂ ಕಡಿಮೆ ಆಗಲ್ವಾ ಡಾಕ್ಟ್ರೇ?

ಉತ್ತರ: ಆಗಬಹುದು. ತೂಕ ಇಳಿಸಿ, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ದಿನಾ ನಡೆದವರಿಗೆ ಡೋಸ್ ಇಳಿಸಿದ್ದೇವೆ. ಅದನ್ನು ನಿರ್ಧರಿಸುವುದು ನಿಮ್ಮ ಡಾಕ್ಟರು. ಒಂದು ವಾರ ಮನೆಯಲ್ಲೇ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಬಿಪಿ ನೋಡಿ. ಬೆನ್ನಿಗೆ ಒರಗು ಕೊಟ್ಟು 5 ನಿಮಿಷ ಸುಮ್ನೆ ಕೂತ ಮೇಲೆ, ಕೈ ಎದೆಯ ಮಟ್ಟದಲ್ಲಿಟ್ಟು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಎಲ್ಲ ರೀಡಿಂಗೂ ಬರೆದಿಟ್ಟು ಅವರಿಗೆ ತೋರಿಸಿ.