ಸುಣ್ಣಕಲ್ಲಿನ ಸಿಟಿ ಸ್ಕ್ಯಾನಿನಾಗ ಪೊರಾಸಿಟಿ (ಕಲ್ಲಿನೊಳಗಿನ ತೂತಿನ ಪಾಲು) ಅರ್ಧಕ್ಕಿಂತ ಕಡಿಮಿ ಬರಾಕತ್ತೈತಿ, ಯಾಕ್ರಿ?

ಗಂಗಾವತಿ_ಜಿಯಾಲಜಿ:
ನಮಸ್ಕಾರ್ರಿ ಎಲ್ಲಾರಿಗೂ. ಎಮ್ಮೆಸ್ಸಿ ಪ್ರಾಜೆಕ್ಟಿಗೆ ಒಂದು ಸುಣ್ಣಕಲ್ಲಿನ ಕೋರ್ ಪ್ಲಗ್ (ಕೊರದು ತಗದ ಉದ್ದುಂಡ ತುಂಡು) ಸಿಕ್ಕೈತಿ, 38 ಮಿಮೀ ಅಗಲ. ತೂತಿನೊಳಗ ಹೀಲಿಯಂ ಅನಿಲ ತುಂಬಿಸಿ ಅಳದ್ರ 24% ಪೊರಾಸಿಟಿ, ಅದ ಪ್ಲಗ್ಗಿಗೆ 20 ಮೈಕ್ರಾನ್ ವೋಕ್ಸೆಲ್ಲಿನಾಗ (3ಡಿ ಚಿತ್ರದ ಒಂದು ಸಣ್ಣ ಘನ) ಮೈಕ್ರೊ-ಸಿಟಿ ಮಾಡ್ಸಿ, ಬಣ್ಣ ನೋಡಿ ತೂತು-ಕಲ್ಲು ಬ್ಯಾರೆ ಮಾಡೋ ಓಟ್ಸು ಥ್ರೆಶೋಲ್ಡ್ ಹಾಕಿದ್ರ ಬರೇ 11%. ಮೂರು ಸಲ ಮಾಡೀನಿ, ಅಷ್ಟ ಬರತೈತಿ. ಪರ್ಮಿಯಬಿಲಿಟಿ (ದ್ರವ ಹರಿಯಾಕ ಬಿಡೋ ಗುಣ) ಸಿಮ್ಯುಲೇಶನ್ ಅಂತೂ ಸೊನ್ನೆ. ಆದ್ರ ಕಲ್ಲಿನ ಮ್ಯಾಲ ಒಂದು ಹನಿ ನೀರು ಬಿಟ್ರ ಕಣ್ಣ ಮುಂದ ಕುಡದುಬಿಡತೈತಿ! ನಮ್ಮನಿ ಶಹಾಬಾದ್ ಪರ್ಸಿನೂ ಸುಣ್ಣಕಲ್ಲ, ಅದರ ಮ್ಯಾಲ ಹನಿ ಹಂಗ ಕುಂತಿರತೈತಿ. ಉಳದ 13% ಎಲ್ಲಿ ಹೋತು?

ಬಳ್ಳಾರಿ_ಕಲ್ಲು:
ಎಲ್ಲೂ ಹೋಗಿಲ್ರಿ, ಸ್ಕ್ಯಾನಿಗೆ ಕಂಡಿಲ್ಲ ಅಷ್ಟ. ಜೋಳ ಹಿಡಿಯೋ ಜರಡಿಯಾಗ ಹಿಟ್ಟು ನಿಂದರತೈತೇನು? ಮರಳುಗಲ್ಲಾಗಿದ್ರ ಇಷ್ಟು ತ್ರಾಸ ಇರ್ತಿರಲಿಲ್ಲ, ಸುಣ್ಣಕಲ್ಲಿನಾಗ ಮಿಕ್ರೈಟ್ ಅಂತ ನುಣ್ಣನ ಸುಣ್ಣದ ಕೆಸರು ಗಟ್ಟಿಯಾಗಿದ್ದು ಇರತೈತಲ್ಲ, ಅದರ ಕಾಳು ನಾಕು ಮೈಕ್ರಾನಿಗಿಂತ ಸಣ್ಣವು, ನಡುವಿನ ತೂತು ಅದಕ್ಕಿಂತ ಸಣ್ಣವು. ನಿಮ್ಮ ಒಂದು ವೋಕ್ಸೆಲ್ಲಿನಾಗ 1 ಮೈಕ್ರಾನಿನ ಘನ 8000 ಹಿಡಿತಾವ, ಅಷ್ಟಕ್ಕೂ ಸೇರಿ ಸ್ಕ್ಯಾನರ್ ಒಂದ ಬೂದಿ ಬಣ್ಣ ಕೊಡತೈತಿ, ಓಟ್ಸು ಅದನ್ನ ಕಲ್ಲಿನ ಕಡೆ ತಳ್ಳತೈತಿ. 4 ಮಿಮೀ ಚೂರು ಕತ್ತರಿಸಿದ್ರ 2 ಮೈಕ್ರಾನಿನ ವೋಕ್ಸೆಲ್ ಸಿಗಬಹುದು, ಆದ್ರ ದೊಡ್ಡ ಪೊಳ್ಳು ಜಾಗ ತಪ್ಪತಾವ, ಆ ಚೂರು ನೋಡಿ ಇಡೀ ಕಲ್ಲು ಹಿಂಗೈತಿ ಅನ್ನಾಕ ಬರಂಗಿಲ್ಲ.

ಒಂದು ಮಾತು, 24 ಬರೋತನ ಥ್ರೆಶೋಲ್ಡ್ ಎಳೀಬ್ಯಾಡ್ರಿ. ಲೆಕ್ಕ ಕೂಡತೈತಿ, ಆದ್ರ ದೊಡ್ಡ ತೂತು ಸುಳ್ಳ ಸುಳ್ಳ ಅಗಲ ಆಗಿ ಹರಿವೆಲ್ಲಾ ತಪ್ಪಾಗತೈತಿ.

ರಾಯಚೂರು_ಪೋರ್:
ಮ್ಯಾಲಿನವ್ರು ಹೇಳಿದ್ದು ಖರೆ. ಒಣ ಕಲ್ಲು ಒಮ್ಮೆ ಸ್ಕ್ಯಾನ್ ಮಾಡ್ರಿ, ಆಮ್ಯಾಲ ಗಾಳಿ ಎಳದು ಪೊಟ್ಯಾಷಿಯಂ ಅಯೋಡೈಡ್ ದ್ರಾವಣ ಕುಡಿಸಿ ಮತ್ತೊಮ್ಮೆ ಮಾಡ್ರಿ, ಎರಡೂ ಚಿತ್ರ ಹೊಂದಿಸಿ ಕಳದ್ರ ಅಯೋಡಿನ್ ಹೊಕ್ಕ ಜಾಗ ಎಲ್ಲಾ ಬೆಳ್ಳಗ ಎದ್ದು ಕಾಣತಾವ. ಎರಡು ಭಾಗ ಅಲ್ಲ, ಮೂರು ಮಾಡ್ರಿ, ತೂತು, ಬೂದಿ ಬಣ್ಣದ್ದು (ಕಾಣದ ಸಣ್ಣ ತೂತಿನ ಜಾಗ), ಗಟ್ಟಿ ಕಲ್ಲು. ಬೂದಿಗೆ ಅದರದ ಸಣ್ಣ ಪರ್ಮಿಯಬಿಲಿಟಿ ಕೊಟ್ಟು ಡಾರ್ಸಿ-ಬ್ರಿಂಕ್‌ಮನ್-ಸ್ಟೋಕ್ಸ್ (ದೊಡ್ಡ ತೂತು, ಬೂದಿ ಜಾಗ ಎರಡರಾಗಿನ ಹರಿವು ಕೂಡಿ ಲೆಕ್ಕ ಹಾಕೋ ಸಮೀಕರಣ) ಓಡಿಸಿದ್ರ ದಾರಿ ಕೂಡ್ಕೋತಾವ, ಸೊನ್ನೆ ಇರಂಗಿಲ್ಲ.

ಗಂಗಾವತಿ_ಜಿಯಾಲಜಿ:
ಈಗ ಸ್ಲೈಸ್ ತಗದು ನೋಡಿದ್ನಿರಿ. ಚಿಪ್ಪಿನ ಒಳಗ ಕರ್ರಗ, ಸುತ್ತ ಬೂದಿ ಉಂಗುರ, ಅದನ್ನ ಗಟ್ಟಿ ಕಲ್ಲು ಅಂತ ಬಿಟ್ಟಿದ್ದೆ. ದ್ರಾವಣ ಪೂರಾ ಹೊಕ್ಕೈತಿ ಅಂತ ಹೆಂಗ ಗೊತ್ತಾಗತೈತಿ?

ರಾಯಚೂರು_ಪೋರ್:
ತೂಕ ಮಾಡ್ರಿ. ಏರಿದ ತೂಕಾನ ದ್ರಾವಣದ ಸಾಂದ್ರತೆಯಿಂದ ಭಾಗಿಸಿದ್ರ ಒಳಗ ಹೋದ ಗಾತ್ರ ಸಿಗತೈತಿ, ಅದು ಪ್ಲಗ್ಗಿನ ಒಟ್ಟು ಗಾತ್ರದ 24%ರ ಹತ್ರ ಬರೋತನ ಎರಡನೇ ಸ್ಕ್ಯಾನಿಗೆ ಕೈ ಹಚ್ಚಬ್ಯಾಡ್ರಿ.