ಪೂಲ್ ಆಟದ ಕ್ಯೂಗೆ ಹೊಸ ಶಾಫ್ಟ್ ಹಾಕಿದ ಮೇಲೆ ಸೈಡ್ ಹೊಡೆತಗಳೆಲ್ಲ ತಪ್ಪುತ್ತಿವೆ: ಕೊಳ್ಳಬೇಕಾದದ್ದು ಮರದ್ದೋ, ಕಾರ್ಬನ್ನೋ?

ಪ್ರಶ್ನೆ (ಬೆಂಗಳೂರಿನಿಂದ)

ಆರು ವರ್ಷಗಳಿಂದ 9 ಅಡಿಯ ಟೇಬಲ್‌ನಲ್ಲಿ ಎಯ್ಟ್‌ಬಾಲ್ ಮತ್ತು ನೈನ್‌ಬಾಲ್ ಆಡುತ್ತಿದ್ದೇನೆ. ನನ್ನದು 58 ಇಂಚಿನ, 19 ಔನ್ಸ್ ತೂಕದ, ಎರಡು ತುಂಡಿನ (ಮುಂದಿನದು ಶಾಫ್ಟ್, ಹಿಡಿಯ ಕಡೆಯದು ಬಟ್) ಸಾಮಾನ್ಯ ಮೇಪಲ್ ಕ್ಯೂ. ಚೆಂಡಿಗೆ ತಾಗುವ ತುದಿ, ಅಂದರೆ ಟಿಪ್, 13 ಮಿ.ಮೀ. ಕೊಳ್ಳುವ ಮೊದಲು ನೋಡಿಬಿಡೋಣ ಎಂದು ಗೆಳೆಯರೊಬ್ಬರ 12.4 ಮಿ.ಮೀ. ಕಾರ್ಬನ್ ಶಾಫ್ಟನ್ನು ಎರವಲು ತಂದು, ನನ್ನ ಬಟ್‌ಗೆ ತಿರುಗಿಸಿ ಎರಡು ವಾರ ಆಡಿದೆ.

ಬಿಳಿ ಚೆಂಡಿನ ನಡುವಿಗೆ ಹೊಡೆದರೆ ಯಾವ ತೊಂದರೆಯೂ ಇಲ್ಲ. ಆದರೆ ಬಣ್ಣದ ಚೆಂಡನ್ನು ಎಡಕ್ಕೆ ಕತ್ತರಿಸಿ (ಓರೆಯಾಗಿ ತಾಗಿಸಿ) ಪಾಟ್ ಮಾಡುವಾಗ ಬಲ ಸೈಡ್ ಕೊಟ್ಟರೆ, ಅಂದರೆ ಬಿಳಿ ಚೆಂಡಿನ ಬಲಭಾಗಕ್ಕೆ ಹೊಡೆದರೆ, ಬಿಳಿ ಚೆಂಡು ತೀರ ತೆಳುವಾಗಿ (ಅಂಚಿಗಷ್ಟೇ) ತಾಗಿ ಬಣ್ಣದ ಚೆಂಡು ಪಾಕೆಟ್‌ನ ಎಡ ದವಡೆಗೆ ಬಡಿಯುತ್ತದೆ. ಅದೇ ಹೊಡೆತಕ್ಕೆ ಎಡ ಸೈಡ್ ಕೊಟ್ಟರೆ ದಪ್ಪವಾಗಿ ತಾಗಿ ಬಲ ದವಡೆಗೆ ಹೋಗುತ್ತದೆ. ಇದಲ್ಲದೆ ಜೋರಾಗಿ ಹೊಡೆದಾಗ ಎರಡು ತುಂಡುಗಳು ಸೇರುವ ಜಾಯಿಂಟ್ ಕಡೆಯಿಂದ ಸಣ್ಣದೊಂದು 'ಟಿಕ್' ಸದ್ದು ಬರುತ್ತದೆ. ಶಾಫ್ಟ್ ಕೆಟ್ಟಿದೆಯೇ, ನನ್ನ ಕೈ ಕೆಟ್ಟಿದೆಯೇ? ಕೊಳ್ಳುವುದಾದರೆ ಮರದ್ದು ಕೊಳ್ಳಲೇ, ಕಾರ್ಬನ್ ಕೊಳ್ಳಲೇ?

ಉತ್ತರ 1

ಶಾಫ್ಟೂ ಕೆಟ್ಟಿಲ್ಲ, ನಿಮ್ಮ ಕೈಯೂ ಕೆಟ್ಟಿಲ್ಲ. ಆರು ವರ್ಷಗಳಲ್ಲಿ ನಿಮ್ಮ ಕೈ ಕಲಿತುಕೊಂಡ ಒಂದು ಲೆಕ್ಕ ಈ ಶಾಫ್ಟ್‌ಗೆ ಹೊಂದುತ್ತಿಲ್ಲ, ಅಷ್ಟೇ. ಬಿಳಿ ಚೆಂಡಿನ ಬಲಭಾಗಕ್ಕೆ ಹೊಡೆದಾಗ ಚೆಂಡು ತಿರುಗತೊಡಗುತ್ತದೆ. ಟಿಪ್ ಚೆಂಡಿಗೆ ಅಂಟಿಕೊಂಡಿರುವ ಒಂದೆರಡು ಮಿಲಿಸೆಕೆಂಡುಗಳಲ್ಲಿ ಆ ತಿರುಗು ಶಾಫ್ಟ್‌ನ ತುದಿಯನ್ನು ಬಲಕ್ಕೆ ತಳ್ಳುತ್ತದೆ, ತುದಿಯ ತೂಕ ಚೆಂಡನ್ನು ಎಡಕ್ಕೆ ತಳ್ಳುತ್ತದೆ. ತುದಿ ಹಗುರವಾದಷ್ಟೂ ಈ ತಳ್ಳು ಕಡಿಮೆ. ಡಿಫ್ಲೆಕ್ಷನ್ ಎಂದು ಕರೆಯುವುದು ಇದನ್ನೇ, ಮತ್ತು ಇದನ್ನು ನಿರ್ಧರಿಸುವುದು ಶಾಫ್ಟ್‌ನ ಕೊನೆಯ ಒಂದು ಗೇಣಿನ ತೂಕವೇ ಹೊರತು ಇಡೀ ಕ್ಯೂನ ತೂಕವಲ್ಲ. ಪ್ರಿಡೇಟರ್ ಕಂಪನಿಯ 314ರಂಥ ಮರದ ಶಾಫ್ಟ್‌ಗಳಲ್ಲಿ ತುದಿಯನ್ನು ಒಳಗಿನಿಂದ ಟೊಳ್ಳು ಮಾಡಿ, ಫೆರೂಲನ್ನು (ಟಿಪ್ ಕೂರುವ ಬಳೆ) ಗಿಡ್ಡವಾಗಿ, ಹಗುರವಾಗಿ ಇಟ್ಟಿರುವುದು ಇದಕ್ಕಾಗಿಯೇ; ಕಾರ್ಬನ್‌ನಲ್ಲಿ ತೆಳುಗೋಡೆಯ ಕೊಳವೆಯೇ ಆ ಕೆಲಸ ಮಾಡುತ್ತದೆ.

ನಿಮ್ಮ ಹಳೆಯ ಶಾಫ್ಟ್ ಬಲ ಸೈಡ್‌ಗೆ ಬಿಳಿ ಚೆಂಡನ್ನು ಎಡಕ್ಕೆ ಸಾಕಷ್ಟು ಸರಿಸುತ್ತಿತ್ತು, ಆದ್ದರಿಂದ ನೀವು ಅರಿವಿಲ್ಲದೆಯೇ ಅಷ್ಟು ಬಲಕ್ಕೆ ಗುರಿ ಇಡುವುದನ್ನು ರೂಢಿಸಿಕೊಂಡಿದ್ದೀರಿ. ಹೊಸದು ಅಷ್ಟು ಸರಿಸುವುದಿಲ್ಲ, ಗುರಿ ಮಾತ್ರ ಹಿಂದಿನಷ್ಟೇ ಬಲಕ್ಕಿದೆ. ಹಾಗಾಗಿ ಎಡಕ್ಕೆ ಕತ್ತರಿಸುವಾಗ ತೆಳುವಾಗಿ ತಾಗುತ್ತದೆ. ಎಡ ಸೈಡ್‌ಗೆ ಇದರ ತಿರುವುಮುರುವು. ತಪ್ಪು ಎರಡೂ ಕಡೆ ಹೀಗೆ ಒಪ್ಪವಾಗಿ ತಿರುಗುತ್ತಿರುವುದರಿಂದಲೇ ಕಾರಣ ಇದೇ ಎಂದು ಹೇಳುತ್ತಿದ್ದೇನೆ. ಹೊಡೆತವೇ ಕೆಟ್ಟಿದ್ದರೆ ತಪ್ಪುಗಳು ಚೆಲ್ಲಾಪಿಲ್ಲಿಯಾಗಿರುತ್ತಿದ್ದವು.

ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆ ಮಾಡಿ. ಬಿಳಿ ಚೆಂಡನ್ನು ಹೆಡ್ ಸ್ಪಾಟ್‌ನಲ್ಲಿ (ಟೇಬಲ್‌ನ ಒಂದು ತುದಿಯಿಂದ ಕಾಲು ಭಾಗ ದೂರದ ನಡುಬಿಂದು) ಇಟ್ಟು, ಎದುರಿನ ಕುಶನ್‌ನ ನಡುವಿನ ಗುರುತಿಗೆ ನೇರವಾಗಿ ಗುರಿ ಇಡಿ. ಅನಂತರ ಕ್ಯೂ ಓರೆಯಾಗದಂತೆ, ಇಡೀ ಕ್ಯೂವನ್ನೇ ಒಂದು ಟಿಪ್‌ನ ಅಗಲದಷ್ಟು, ಅಂದರೆ ಸುಮಾರು 12 ಮಿ.ಮೀ., ಬಲಕ್ಕೆ ಸರಿಸಿ, ಸಾಧ್ಯವಾದಷ್ಟು ಮಟ್ಟಸವಾಗಿ ಹಿಡಿದು ಬಿಗಿಯಾಗಿ ಹೊಡೆಯಿರಿ. ಮೆಲ್ಲಗೆ ಹೊಡೆದರೆ ಚೆಂಡು ಬಾಗಿ ಮರಳಿ ಬಂದು ಅಳತೆಯನ್ನು ಕೆಡಿಸುತ್ತದೆ. ಕುಶನ್‌ನ ಮೇಲೆ ಒಂದು ಸ್ಕೇಲ್ ಇಟ್ಟು, ಚೆಂಡು ಎಲ್ಲಿ ತಾಗಿತೆಂದು ಇನ್ನೊಬ್ಬರು ನೋಡಲಿ. ಅಲ್ಲಿಗೆ ದೂರ 75 ಇಂಚು. ಒಂದು ಡಿಗ್ರಿ ಎಂದರೆ ಸುಮಾರು 1.3 ಇಂಚು. ಎರಡೂ ಶಾಫ್ಟ್‌ಗಳಲ್ಲಿ ಹತ್ತತ್ತು ಬಾರಿ ಹೊಡೆದು ಬರೆದಿಡಿ.

ಹೊಸ ಶಾಫ್ಟ್ ಹೆಚ್ಚು ಸ್ಪಿನ್ ಕೊಡುತ್ತದೆಂದು ಯಾರಾದರೂ ಹೇಳಿದ್ದರೆ ಅದನ್ನು ಹಣ ಖರ್ಚು ಮಾಡಲು ಕಾರಣವೆಂದು ಎಣಿಸಬೇಡಿ. ಒಂದೇ ಬಿಂದುವಿಗೆ ಒಂದೇ ವೇಗದಲ್ಲಿ ಹೊಡೆದರೆ ತಿರುಗು ಬಹುಮಟ್ಟಿಗೆ ಒಂದೇ. 57.15 ಮಿ.ಮೀ. ಚೆಂಡಿನಲ್ಲಿ ನಡುವಿನಿಂದ ಸುಮಾರು 14 ಮಿ.ಮೀ. ಆಚೆಗೆ ಹೋದರೆ ಯಾವ ಶಾಫ್ಟ್ ಇದ್ದರೂ ಟಿಪ್ ಜಾರಿ ಮಿಸ್‌ಕ್ಯೂ ಆಗುತ್ತದೆ.

ಉತ್ತರ 2 (ಮಂಗಳೂರಿನಿಂದ, ಕ್ಯೂ ರಿಪೇರಿ ಮಾಡುವವನು)

ಮೇಲಿನವರು 'ಟಿಕ್' ಸದ್ದಿನ ವಿಷಯವನ್ನು ಬಿಟ್ಟಿದ್ದಾರೆ, ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಶಾಫ್ಟನ್ನು ಪೂರ್ತಿ ಬಿಗಿ ಮಾಡಿ, ಜಾಯಿಂಟನ್ನು ಟ್ಯೂಬ್‌ಲೈಟ್‌ಗೆ ಎದುರಾಗಿ ಹಿಡಿದು ಕಣ್ಣಿನ ಮಟ್ಟದಲ್ಲಿ ತಿರುಗಿಸಿ ನೋಡಿ. ಸುತ್ತಲೂ ಬೆಳಕು ಕಾಣಬಾರದು, ತೆಳು ಕಾಗದದ ತುದಿಯೂ ನುಗ್ಗಬಾರದು. ನುಗ್ಗಿದರೆ ಎರಡು ಮುಖಗಳು ಕೂಡುತ್ತಿಲ್ಲವೆಂದೇ ಅರ್ಥ. ಕೆಲವು ಶಾಫ್ಟ್‌ಗಳ ಬುಡದಲ್ಲಿ ಪೈಲಟ್ ಎಂಬ ಸಣ್ಣ ಉಬ್ಬು ಇರುತ್ತದೆ, ಅದು ಬಟ್‌ನ ಕುಳಿಯಲ್ಲಿ ಕೂರಬೇಕು. ಕುಳಿಯ ಆಳಕ್ಕಿಂತ ಉಬ್ಬು ಕೂದಲೆಳೆಯಷ್ಟು ಉದ್ದವಾದರೂ ಅಂಚುಗಳು ಸೇರುವುದಿಲ್ಲ, ಸದ್ದು ಅಲ್ಲಿಂದ ಬರುತ್ತದೆ. ಸದ್ದು ನಿಲ್ಲಲೆಂದು ಬಲವಂತವಾಗಿ ಬಿಗಿ ಮಾಡಲು ಮಾತ್ರ ಹೋಗಬೇಡಿ, ಪಿನ್ (ಬಟ್‌ನ ತುದಿಯ ತಿರುಪು) ಕೂತಿರುವ ಮರ ಸೀಳುತ್ತದೆ.

ಕೊಳ್ಳುವ ಮೊದಲು ನಿಮ್ಮ ಪಿನ್ನಿನ ಅಳತೆ ತಿಳಿದಿರಬೇಕು. ಪಿನ್ನಿನ ಪಕ್ಕ ಸ್ಕೇಲ್ ಹಿಡಿದು ಅರ್ಧ ಇಂಚಿನಲ್ಲಿ ಎಷ್ಟು ಎಳೆಗಳಿವೆ ಎಂದು ಎಣಿಸಿ: 7 ಇದ್ದರೆ 5/16-14 (5/16 ಇಂಚು ದಪ್ಪ, ಇಂಚಿಗೆ 14 ಎಳೆ), 9 ಇದ್ದರೆ 5/16-18, ಪಿನ್ ದಪ್ಪಗಿದ್ದು 5 ಎಳೆಗಳಿದ್ದರೆ 3/8-10. ಮೊದಲೆರಡರ ದಪ್ಪ ಒಂದೇ ಆದ್ದರಿಂದ ಒಂದರ ಶಾಫ್ಟ್ ಇನ್ನೊಂದರ ಬಟ್‌ಗೆ ಒಂದು ಸುತ್ತು ಹತ್ತಿದಂತೆ ಮಾಡಿ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಎಳೆ ಹಾಳಾಗಿರುತ್ತದೆ. ಯೂನಿ-ಲಾಕ್, ರೇಡಿಯಲ್ ಎಂಬ ಬೇರೆ ಬಗೆಯ ಪಿನ್‌ಗಳಿಗೆ ಅವುಗಳದೇ ಶಾಫ್ಟ್ ಬೇಕು.

ಇನ್ನು ಮರವೋ, ಕಾರ್ಬನ್ನೋ ಎಂಬುದು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಶಾಫ್ಟ್‌ಗಳು ಬಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ, ಕೈಗೆ ಅಂಟುವುದಂತೂ ದಿನದ ಗೋಳು. ಕಾರ್ಬನ್‌ಗೆ ಈ ತೊಂದರೆಯಿಲ್ಲ. ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಚಾಕ್‌ನ ನೀಲಿಯೂ ಹೋಗುತ್ತದೆ. ಆದರೆ ಕಾರ್ಬನ್ ದಪ್ಪವೆನಿಸಿದರೆ ಅದನ್ನು ಲೇತ್‌ಗೆ ಹಾಕಿ ಸಣ್ಣ ಮಾಡಿಕೊಡಿ ಎಂದು ನನ್ನ ಬಳಿ ತರಬೇಡಿ, ಅದು ಆಗದ ಕೆಲಸ. ಮರದ್ದಾದರೆ ಸ್ವಲ್ಪ ಸಣ್ಣ ಮಾಡಬಹುದು. ಟಿಪ್ ಬದಲಿಸುವವರು ಪಕ್ಕವನ್ನು ಮರಳು ಕಾಗದದಿಂದ ಉಜ್ಜಿ ಕಾರ್ಬನ್ನಿನ ಮೈ ಕೆರೆದಿರುವುದನ್ನೂ ಕಂಡಿದ್ದೇನೆ, ಅಭ್ಯಾಸವಿರುವವರ ಕೈಗೇ ಕೊಡಿ.

ಪ್ರಶ್ನೆ ಕೇಳಿದವರು

ಪರೀಕ್ಷೆ ಮಾಡಿದೆ. ಹತ್ತು ಹೊಡೆತಗಳ ಸರಾಸರಿಯಲ್ಲಿ ನನ್ನ ಮೇಪಲ್ ಬಿಳಿ ಚೆಂಡನ್ನು ಎರಡೂವರೆ ಇಂಚು ಎಡಕ್ಕೆ ಸರಿಸಿತು. ಕಾರ್ಬನ್, ಒಂದೂವರೆ ಇಂಚು. ಜಾಯಿಂಟ್‌ನಲ್ಲಿ ಬಸ್ ಟಿಕೆಟ್‌ನ ಮೂಲೆ ಒಂದು ಕಡೆ ಸಲೀಸಾಗಿ ನುಗ್ಗಿತು. ನನ್ನ ಪಿನ್ನಿಗೆ ಅರ್ಧ ಇಂಚಿಗೆ 7 ಎಳೆಗಳಿವೆ. ಹಳೆಯ ಟಿಪ್ ನೋಡಿದರೆ ಅಂಚುಗಳು ಅಣಬೆಯಂತೆ ಹೊರಚಾಚಿವೆ, ಮೇಲ್ಭಾಗ ಗಾಜಿನಂತೆ ಹೊಳೆಯುತ್ತಿದೆ.

ಉತ್ತರ 1 (ಮತ್ತೆ)

ಹಾಗಾದರೆ ಮೊದಲು ಖರ್ಚಾಗಬೇಕಾದದ್ದು ಟಿಪ್‌ಗೆ. ಹಳೆಯ ಶಾಫ್ಟ್‌ಗೆ ಮಧ್ಯಮ ಗಡಸಿನ ಪದರು ಟಿಪ್ ಹಾಕಿಸಿ ಎರಡು ವಾರ ಆಡಿ. ಸತ್ತ ಟಿಪ್‌ನೊಡನೆ ಹಳೆಯದನ್ನು, ಹೊಸ ಟಿಪ್‌ನೊಡನೆ ಕಾರ್ಬನ್ನನ್ನು ಹೋಲಿಸಿದರೆ ನೀವು ಹೋಲಿಸುತ್ತಿರುವುದು ಟಿಪ್‌ಗಳನ್ನೇ. ನನ್ನ ಮೊದಲ ದುಬಾರಿ ಶಾಫ್ಟನ್ನು ನಾನು ಕೊಂಡದ್ದು ಇದೇ ತಪ್ಪಿನಿಂದ.

ಆಮೇಲೂ ಬೇಕೆನಿಸಿದರೆ, 13 ಮಿ.ಮೀ.ಗೆ ಒಗ್ಗಿದ ನಿಮ್ಮ ಬ್ರಿಡ್ಜ್ ಕೈಗೆ (ಶಾಫ್ಟ್‌ಗೆ ಆಧಾರ ಕೊಡುವ ಮುಂದಿನ ಕೈ) 12.4 ತುಸು ಸಣ್ಣದೆಂದೇ ನನ್ನ ಅನಿಸಿಕೆ. ಮರದಲ್ಲಿ 314ರ 12.75 ಮಿ.ಮೀ., ಕಾರ್ಬನ್‌ನಲ್ಲಿ ಅದೇ ಕಂಪನಿಯ ರೆವೊದ 12.9 ಮಿ.ಮೀ. ನಿಮಗೆ ಹತ್ತಿರದವು. ದಪ್ಪವಾದಷ್ಟೂ ತುದಿಯ ತೂಕ ಕೊಂಚ ಏರುವುದರಿಂದ ನೀವು ಅಳೆದ ಒಂದೂವರೆ ಇಂಚು ಅಲ್ಲಿ ತುಸು ಹೆಚ್ಚಬಹುದು, ಅದೇ ನಿಮಗೆ ಅನುಕೂಲ. ಗುರಿಯನ್ನು ಒಮ್ಮೆಲೇ ಅಷ್ಟು ಬದಲಿಸಬೇಕಾಗುವುದಿಲ್ಲ. ಬೆಂಗಳೂರಿನ ಹವೆಗೆ ಮರ ಸಾಕು. ಬಟ್ ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ.

ಉತ್ತರ 2 (ಮತ್ತೆ)

5/16-14 ಎಂದು ಆರ್ಡರ್ ಮಾಡುವಾಗ ಪೈಲಟ್ ಇರುವುದೋ, ಚಪ್ಪಟೆ ಮುಖದ್ದೋ ಎಂದು ಬರೆದು ಕೇಳಿ. ಬಟ್‌ನ ಮುಖದ ಫೋಟೊವನ್ನು ನೇರ ಮೇಲಿನಿಂದ ತೆಗೆದು ಇಲ್ಲಿ ಹಾಕಿದರೆ ಯಾವುದು ಬೇಕೆಂದು ಹೇಳುತ್ತೇನೆ. ಗೆಳೆಯರ ಶಾಫ್ಟನ್ನು ಅಲ್ಲಿಯವರೆಗೆ ನಿಮ್ಮ ಬಟ್‌ಗೆ ಹಾಕಿ ಬ್ರೇಕ್ (ಆಟ ತೆರೆಯುವ ಜೋರಿನ ಹೊಡೆತ) ಹೊಡೆಯಬೇಡಿ.