ಪದಚರ್ಚೆ: ಒಂದೇ ಕಡತವನ್ನು ನಾಲ್ವರು ಒಮ್ಮೆಗೇ ತಿದ್ದುವುದಕ್ಕೆ ಏನೆನ್ನೋಣ?

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ.

ಡೆಸ್ಕ್‌ಟಾಪ್‌ನಲ್ಲಿ ಓಡುವ ಒಂದು ಮುಕ್ತ ಬರಹ ತಂತ್ರಾಂಶಕ್ಕೆ, ಹಲವರು ಒಂದೇ ಕಡತವನ್ನು ಏಕಕಾಲಕ್ಕೆ ತಿದ್ದಲು ಬರುವ ಪ್ಲಗಿನ್ ಸೇರುತ್ತಿದೆ. ಅದರ ಪಿಒ ಕಡತ (ಮೆನು, ಸಂದೇಶಗಳ ಸಾಲುಗಳನ್ನು ಅನುವಾದಕ್ಕೆಂದು ಇಡುವ ಕಡತ) ಈಗ ಕನ್ನಡಕ್ಕೆ ಬರಬೇಕು. ಬಹುಪಾಲು ಸಾಲುಗಳಿಗೆ ತಕರಾರಿಲ್ಲ. ಆರೇಳು ಪದ ಮಾತ್ರ ನಿಘಂಟಿನಿಂದ ಎತ್ತಿ ಹಾಕಿದರೆ ಬಳಸುವವರ ದಾರಿ ತಪ್ಪಿಸುತ್ತವೆ. ಅವುಗಳ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಮೊದಲನೆಯದು ಸೌಲಭ್ಯದ ಹೆಸರೇ: ರಿಯಲ್‌ಟೈಮ್ ಕೊಲ್ಯಾಬೊರೇಟಿವ್ ಎಡಿಟಿಂಗ್. ಈಗಿನ ಕರಡು ಅನುವಾದದಲ್ಲಿ 'ನೈಜ ಸಮಯದ ಸಹಯೋಗಿ ಸಂಪಾದನೆ' ಎಂದಿದೆ. ಎರಡು ಪದದಲ್ಲಿ ತೊಡಕಿದೆ. 'ನೈಜ'ಕ್ಕೆ ಎದುರು 'ಕೃತಕ'. ಇಲ್ಲಿ ಸಮಯ ನಿಜವೋ ಕೃತಕವೋ ಎಂಬುದು ಪ್ರಶ್ನೆಯೇ ಅಲ್ಲ, ಒಬ್ಬರು ಒತ್ತಿದ ಕೀಲಿ ಇನ್ನೊಬ್ಬರ ಪರದೆಗೆ ಎಷ್ಟು ಬೇಗ ಬರುತ್ತದೆ ಎಂಬುದು ಪ್ರಶ್ನೆ. 'ಸಕಾಲ' ಎನ್ನೋಣವೆಂದರೆ ಸೇವಾ ಖಾತರಿಯ 2011ರ ಕಾಯ್ದೆಯ ಬಳಿಕ ಆ ಪದ ನಾಡಕಚೇರಿಯ ಅರ್ಜಿಗೆ ಅಂಟಿಕೊಂಡಿದೆ. ಇನ್ನು 'ಸಂಪಾದನೆ'. ನಮ್ಮ ಕಡೆ 'ಅವನ ಸಂಪಾದನೆ ಚೆನ್ನಾಗಿದೆ' ಎಂದರೆ ದುಡಿಮೆಯ ಮಾತು. ಓದಿದವರಿಗೆ ಗ್ರಂಥಸಂಪಾದನೆ ನೆನಪಾದೀತು. ಆದರೆ ಅಲ್ಲಿ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಯಾವ ಪಾಠ ನಿಲ್ಲಬೇಕೆಂದು ಒಬ್ಬ ವಿದ್ವಾಂಸ ತೀರ್ಮಾನಿಸುತ್ತಾನೆ. ಈ ತಂತ್ರಾಂಶದಲ್ಲಿ ಹಾಗೆ ತೀರ್ಮಾನಿಸುವ ಒಬ್ಬ ಮನುಷ್ಯ ಇಲ್ಲ.

ಎರಡನೆಯದು 'ಶೇರ್'. 'ಹಂಚಿಕೊಳ್ಳಿ' ಎಂದು ಎಲ್ಲೆಡೆ ಇದೆ. ವಾಟ್ಸಾಪಿನಲ್ಲಿ ಹಂಚಿದ ಕಡತದ ಪ್ರತಿ ಆ ಕಡೆಗೆ ಹೋಗುತ್ತದೆ. ಅವರು ಏನು ತಿದ್ದಿದರೂ ನನ್ನ ಪ್ರತಿ ಇದ್ದಂತೆಯೇ ಇರುತ್ತದೆ. ಇಲ್ಲಿ ಆ ಗುಂಡಿ ಒತ್ತಿದರೆ ಎದುರಿನವರ ಕೈ ನನ್ನ ಕಡತದೊಳಕ್ಕೇ ಬರುತ್ತದೆ. ಪ್ರತಿ ಕಳಿಸುತ್ತಿದ್ದೇನೆ ಎಂದುಕೊಂಡು ಒತ್ತಿದವರಿಗೆ ತಮ್ಮ ಸಾಲು ಕಣ್ಣೆದುರೇ ಅಳಿದುಹೋದರೆ ಗಾಬರಿಯಾಗುವುದು ಸಹಜ.

'ಸೆಷನ್'ಗೆ 'ಅಧಿವೇಶನ' ಎಂದರೆ ಬೆಳಗಾವಿಯ ಚಳಿಗಾಲದ ಅಧಿವೇಶನ ಕಣ್ಣಮುಂದೆ ಬರುತ್ತದೆ. 'ಕೂಟ' ಸಾಕೆಂದು ನನ್ನ ಎಣಿಕೆ.

'ಮರ್ಜ್'ಗೆ 'ವಿಲೀನ' ಎಂದಿದ್ದಾರೆ. ವಿಲೀನದಲ್ಲಿ ಒಂದು ಇನ್ನೊಂದರೊಳಗೆ ಕರಗಿಹೋಗುತ್ತದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ವಿಲೀನವಾದ ಮೇಲೆ ಆ ಹೆಸರಿನ ಫಲಕ ಉಳಿಯಲಿಲ್ಲ. ಇಲ್ಲಿ ಇಬ್ಬರ ಬರಹವೂ ಉಳಿಯಬೇಕು.

ಕೊನೆಯ ಎರಡು ನನಗೆ ನಿಜವಾಗಿಯೂ ಬಗೆಹರಿಯದವು. ಒಂದು 'ಟೂಂಬ್‌ಸ್ಟೋನ್': ಅಳಿಸಿದ ಬರಹದ ಜಾಗದಲ್ಲಿ ಉಳಿಯುವ ಗುರುತು, ಸಂಗ್ರಹ ಚೊಕ್ಕಟ ಮಾಡುವ ಆಯ್ಕೆಯಲ್ಲಿ ಬರುತ್ತದೆ. ಕರಡಿನಲ್ಲಿ 'ಗೋರಿಕಲ್ಲು' ಎಂದಿದೆ. ಇನ್ನೊಂದು 'ಕ್ಯಾರೆಕ್ಟರ್'. 'ಅಕ್ಷರ' ಎಂದು ಬರೆದರೆ ಲೆಕ್ಕ ಸುಳ್ಳಾಗುತ್ತದೆ. 'ದಾವಣಗೆರೆ' ಎಂಬಲ್ಲಿ ನಾವು ಎಣಿಸುವ ಅಕ್ಷರ ಐದು. ಕಾಗುಣಿತದ ಚಿಹ್ನೆಗಳನ್ನೂ ಬಿಡಿಯಾಗಿ ಎಣಿಸುವ ಯೂನಿಕೋಡ್ ಲೆಕ್ಕಕ್ಕೆ ಎಂಟು, ಕಡತದಲ್ಲಿ ಉಳಿಸುವ ಯುಟಿಎಫ್-8 ಬೈಟುಗಳಲ್ಲಿ ಇಪ್ಪತ್ತನಾಲ್ಕು. ತಪ್ಪಿನ ಸಂದೇಶದಲ್ಲಿ '8ನೇ ಅಕ್ಷರದ ಬಳಿ ಹೊಂದಾಣಿಕೆ ತಪ್ಪಿದೆ' ಎಂದು ಬಂದರೆ ಓದುವವರು ಯಾವ ಪದದಲ್ಲಿ ಹುಡುಕಬೇಕು?

ಚಿತ್ರದುರ್ಗದಿಂದ:

ಸರ್, ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಉಳಿದ ಪದಗಳ ಹದ ತಿಳಿಯುವುದು ಅಲ್ಲೇ.

ಕಡತದಲ್ಲಿ 'ಚಿತ್ರದುರ್ಗ ಕೋಟೆ' ಎಂದಿದೆ ಅಂತಿಟ್ಟುಕೊಳ್ಳಿ. ಯೂನಿಕೋಡ್ ಲೆಕ್ಕದಲ್ಲಿ ಚಿತ್ರದುರ್ಗ 10, ನಡುವಿನ ಖಾಲಿ 1, ಕೋಟೆ 4, ಒಟ್ಟು 15. ನಾನು 10ರ ನಂತರ 'ದ' ಸೇರಿಸಿ 'ಚಿತ್ರದುರ್ಗದ' ಮಾಡುತ್ತೇನೆ. ಅದೇ ಗಳಿಗೆಯಲ್ಲಿ ನೀವು ಅಲ್ಲಿ 15ರ ನಂತರ 'ಗಳು' ಸೇರಿಸುತ್ತೀರಿ. ನಿಮ್ಮ ಬದಲಾವಣೆ ನನ್ನ ಯಂತ್ರಕ್ಕೆ '15ರ ನಂತರ ಗಳು' ಎಂದೇ ಬರುತ್ತದೆ. ಆದರೆ ನನ್ನಲ್ಲಿ ಸಾಲು ಆಗಲೇ 16ಕ್ಕೆ ಬೆಳೆದಿದೆ. ಹಾಗೇ ಹಾಕಿದರೆ 'ಗಳು' ಹೋಗಿ ಟಕಾರಕ್ಕೂ ಅದರ ಎತ್ವಕ್ಕೂ ನಡುವೆ ಕೂರುತ್ತದೆ. ಪರದೆಯ ಮೇಲೆ 'ಕೋಟಗಳು', ಅದರ ಹಿಂದೆ ಚುಕ್ಕೆ ವೃತ್ತದ ಮೇಲೆ ಒಂಟಿ ಎತ್ವ. ಇಂಗ್ಲಿಷ್ ಬರಹದಲ್ಲಿ ಒಂದು ಸ್ಥಾನ ತಪ್ಪಿದರೆ ಕಾಗುಣಿತ ತಪ್ಪಿದಂತೆ ಕಾಣುತ್ತದೆ, ಅಷ್ಟೆ. ಕನ್ನಡದಲ್ಲಿ ಅಕ್ಷರವೇ ಮುರಿಯುತ್ತದೆ.

ಬಂದ ಬದಲಾವಣೆಯ 15ನ್ನು 16 ಮಾಡಿ ಹಾಕುವುದೇ ಆಪರೇಷನಲ್ ಟ್ರಾನ್ಸ್‌ಫಾರ್ಮೇಷನ್. ಎಲ್ಲಿಸ್ ಮತ್ತು ಗಿಬ್ಸ್ 1989ರಲ್ಲೇ ಇದನ್ನು ಮುಂದಿಟ್ಟರು. ಗಾಬಿ ಎಂಬ ಮುಕ್ತ ಡೆಸ್ಕ್‌ಟಾಪ್ ಎಡಿಟರ್ ನಡೆಯುವುದೂ ಇದೇ ಬಗೆಯಲ್ಲಿ. ಇದಕ್ಕೆ 'ಕಾರ್ಯಾಚರಣೆ ರೂಪಾಂತರ' ಎಂದು ಬರೆಯಬೇಡಿ. ರೂಪ ಏನೂ ಬದಲಾಗುವುದಿಲ್ಲ, ಜಾಗ ಸರಿಯುತ್ತದೆ. 'ಜಾಗ ಸರಿಹೊಂದಿಕೆ' ಎಂದರೆ ಮುಗಿಯಿತು.

ಹಾಗಾಗಿ 'ಕ್ಯಾರೆಕ್ಟರ್'ಗೆ ಅಕ್ಷರ ಬೇಡವೇ ಬೇಡ. ಬಳಕೆದಾರರಿಗೆ ತೋರುವ ಕಡೆ ಸ್ಥಾನದ ಸಂಖ್ಯೆಯನ್ನೇ ಬಿಟ್ಟು 'ಸಾಲು 12, "ಕೋಟೆ" ಪದದ ಬಳಿ' ಎನ್ನುವಂತೆ ಮೂಲ ಸಂದೇಶವನ್ನೇ ಬದಲಿಸಲು ತಂತ್ರಾಂಶದವರನ್ನು ಕೇಳಿ. ದಾಖಲೆಯಲ್ಲಿ, ಯೂನಿಕೋಡ್ ಎಣಿಸುವ ಒಂದೊಂದು ಗುರುತಿಗೆ, 'ಕೋಡ್‌ಪಾಯಿಂಟ್' ಹಾಗೇ ಇರಲಿ. ತಂತ್ರಾಂಶದ ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಲೈಬ್ರರಿಗಳಲ್ಲಿ ಜಿಟಿಕೆ ಬರಹ ಇಟ್ಟುಕೊಳ್ಳುವ ತನ್ನ ಬಫರ್‌ನಲ್ಲಿ ಕೋಡ್‌ಪಾಯಿಂಟ್ ಎಣಿಸುತ್ತದೆ, ಕ್ಯೂಟಿ ಯುಟಿಎಫ್-16ರ ಘಟಕ ಎಣಿಸುತ್ತದೆ. ಕನ್ನಡದ ಮಟ್ಟಿಗೆ ಎರಡೂ ಒಂದೇ ಸಂಖ್ಯೆ ಕೊಡುತ್ತವೆ. ಯಾರಾದರೂ ನಡುವೆ ಒಂದು ಎಮೋಜಿ ಹಾಕಿದರೆ ಅಲ್ಲಿಂದ ಮುಂದಕ್ಕೆ ಕ್ಯೂಟಿಯ ಎಣಿಕೆ ಸಾಮಾನ್ಯವಾಗಿ ಒಂದು ಹೆಚ್ಚಾಗುತ್ತದೆ, ಮೇಲೆ ಹೇಳಿದ ಒಂಟಿ ಎತ್ವ ಮತ್ತೆ ಕಾಣಿಸಿಕೊಳ್ಳುತ್ತದೆ. ಬೈಟು ಎಣಿಸುವ ಲೈಬ್ರರಿಯನ್ನು ಜೋಡಿಸಿದ್ದರೆ ಎಮೋಜಿ ಇಲ್ಲದೆಯೂ ಕೆಡುತ್ತದೆ, ಏಕೆಂದರೆ ಕನ್ನಡದ ಪ್ರತಿ ಗುರುತೂ ಮೂರು ಬೈಟು.

ಇನ್ನೊಂದು ಕಡೆಯೂ ಪೆಟ್ಟು ಬೀಳುತ್ತದೆ. 'ಬೆಣ್ಣೆ ದೋಸೆ' ಸಾಮಾನ್ಯವಾಗಿ 11 ಕೋಡ್‌ಪಾಯಿಂಟ್. ಬಿಡಿಸಿ ಬರೆಯುವ ರೂಪಕ್ಕೆ ಒಳಪಡಿಸಿದರೆ ದಕಾರದ ಓತ್ವ ಒಂದಿದ್ದದ್ದು ಮೂರಾಗುತ್ತದೆ: ಎತ್ವ, ಕೊಂಬಿನ ಇಳಿ, ದೀರ್ಘ. ಆಗ 13. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಕಾಣದು. ಒಂದು ಯಂತ್ರ ಕಡತ ತೆರೆಯುವಾಗ ಹೀಗೆ ಬಿಡಿಸಿ, ಇನ್ನೊಂದು ಬಿಡಿಸದೆ ಇದ್ದರೆ ಎರಡು ಸ್ಥಾನ ತಪ್ಪಿದಂತೆಯೇ. ಕೂಟಕ್ಕೆ ಸೇರುವ ಮೊದಲು ಒಮ್ಮೆ ಎಲ್ಲರೂ ತಂತಮ್ಮ ಕಡತವನ್ನು ಬಿಡಿಸದ, ಕೂಡಿಸಿ ಬರೆದ ರೂಪಕ್ಕೆ ತಂದುಕೊಳ್ಳಬೇಕು. ಕೂಟ ನಡೆಯುವಾಗ ಯಾರೂ ಅದನ್ನು ಮುಟ್ಟಬಾರದು.

ಈಗ ಗೋರಿಕಲ್ಲು. ವೈಜೆಎಸ್, ಆಟೊಮರ್ಜ್ ಮುಂತಾದವು ಸಿಆರ್‌ಡಿಟಿ ಲೈಬ್ರರಿಗಳು, ಅಂದರೆ ಬದಲಾವಣೆಗಳು ಯಾವ ಕ್ರಮದಲ್ಲಿ ಬಂದರೂ ಎಲ್ಲರ ಪ್ರತಿಯನ್ನೂ ಒಂದೇ ಆಗಿಸುವ ಬಗೆಯವು. ಅವು ಯಂತ್ರದಿಂದ ಯಂತ್ರಕ್ಕೆ ಕಳಿಸುವ ಬದಲಾವಣೆಯಲ್ಲಿ 10, 15 ಎಂಬ ಎಣಿಕೆ ಇರುವುದಿಲ್ಲ. ಪ್ರತಿ ಗುರುತಿಗೂ ಅಳಿಯದ ಒಂದು ಗುರುತಿನ ಸಂಖ್ಯೆ ಇರುತ್ತದೆ: ಯಾರು ಬರೆದದ್ದು, ಅವರ ಎಷ್ಟನೆಯದು. ಹೊಸದು ಬಂದಾಗ 'ಇಂಥದ್ದರ ಬಲಕ್ಕೆ' ಎಂದು ಹೇಳಿಕೊಂಡು ಬರುತ್ತದೆ. ನಾನು 'ಟೆ' ಅಳಿಸಿದೆ, ನೀವು ಅದು ಇನ್ನೂ ಕಾಣುತ್ತಿದ್ದಾಗಲೇ ಅದರ ಬಲಕ್ಕೆ 'ಗಳು' ಬರೆದಿರಿ. ನನ್ನ ಯಂತ್ರದಲ್ಲಿ 'ಟೆ' ಪೂರ್ತಿ ಮಾಯವಾಗಿದ್ದರೆ 'ಗಳು' ಎಲ್ಲಿ ಕೂರಬೇಕು? ಅದಕ್ಕಾಗಿ ಬರಹ ಹೋದರೂ ಜಾಗದ ಗುರುತು ಉಳಿಯುತ್ತದೆ. ವೈಜೆಎಸ್ ಅಳಿಸಿದ ಪಠ್ಯವನ್ನು ಬಿಸಾಕಿ ಸಂಖ್ಯೆ ಮತ್ತು ಉದ್ದವನ್ನಷ್ಟೇ ಇಟ್ಟುಕೊಳ್ಳುತ್ತದೆ.

ಗೋರಿಕಲ್ಲು ಸತ್ತವರ ನೆನಪಿಗೆ. ನಮ್ಮ ಜಿಲ್ಲೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲು ಎಷ್ಟೋ ಇವೆ, ಅವೂ ನೆನಪಿಗೇ. ಇದರ ಕೆಲಸ ನೆನಪಲ್ಲ, ಅಳತೆ. ಅಳತೆಗೆ ನೆಟ್ಟ ಕಲ್ಲಿಗೆ ನಮ್ಮಲ್ಲಿ ಪದವಿದೆ: ಬಾಂದುಕಲ್ಲು. ಹೊಲ ಕೈ ಬದಲಾಗಲಿ, ಬೆಳೆ ಇರಲಿ ಬಿಡಲಿ, ಹದ್ದುಬಸ್ತಿಗೆ ಬಂದ ಮೋಜಣಿದಾರರು ಆ ಕಲ್ಲಿನಿಂದಲೇ ಪಕ್ಕದ ಸರ್ವೆ ನಂಬರನ್ನು ಅಳೆಯುತ್ತಾರೆ. ಕಲ್ಲು ಕಿತ್ತರೆ ಕಿತ್ತವನ ಹೊಲದ ಜೊತೆ ನೆರೆಯವನ ಹೊಲದ ಲೆಕ್ಕವೂ ಹೋಗುತ್ತದೆ. ಟೂಂಬ್‌ಸ್ಟೋನ್ ತೆಗೆಯುವಾಗಿನ ಅಪಾಯವೂ ಇದೇ. ಕೂಟದ ಒಬ್ಬರು ನೆಟ್ ಇಲ್ಲದೆ ಕುಳಿತು ಬರೆಯುತ್ತಿರುವಾಗ ಉಳಿದವರು ಚೊಕ್ಕಟ ಮಾಡಿಬಿಟ್ಟರೆ, ಅವರು ಮರಳಿ ಬಂದಾಗ ಅವರ ಬರಹಕ್ಕೆ ಊರಲು ನೆಲ ಇರುವುದಿಲ್ಲ. ಎಚ್ಚರಿಕೆಯ ಸಾಲನ್ನು 'ಎಲ್ಲರೂ ಮರಳಿ ಸೇರುವವರೆಗೆ ಬಾಂದುಕಲ್ಲುಗಳನ್ನು ತೆಗೆಯಬೇಡಿ' ಎಂದು ಬರೆದರೆ ಕಾರಣವೂ ಅದರಲ್ಲೇ ಬರುತ್ತದೆ.

'ವಿಲೀನ' ಬೇಡ ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. 'ಹೆಣೆ' ಹಾಕೋಣ. ಎಲ್ಲರ ಪ್ರತಿಯೂ ಕೊನೆಗೆ ಒಂದೇ ಆಗುವುದಕ್ಕೆ, ಅಂದರೆ 'ಕನ್ವರ್ಜೆನ್ಸ್'ಗೆ, ಅಂಗಡಿ ಲೆಕ್ಕದ 'ತಾಳೆ' ಇದೆ: 'ಪ್ರತಿಗಳು ತಾಳೆಯಾಗಿವೆ', 'ತಾಳೆ ತಪ್ಪಿದೆ'. ಮಂಡಿಯಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ.

ಹರಿಹರದಿಂದ:

ಹೆಸರಿಗೆ 'ಮುಯ್ಯಾಳು ಬರಹ' ಎಂದರೆ ಹೇಗೆ? ನೆಲದ ಪದ, ಎಲ್ಲರಿಗೂ ಗೊತ್ತು. ಜೊತೆಗೆ, ಇಬ್ಬರು ಒಂದೇ ಜಾಗದಲ್ಲಿ ಬರೆದಾಗ ಗುರುತುಗಳು ಒಂದರೊಳಗೊಂದು ಸೇರಿಕೊಳ್ಳುವ ದೋಷಕ್ಕೆ 'ಹಾಸುಹೊಕ್ಕು' ಎಂದಿಡಬಹುದೇ?

ದಾವಣಗೆರೆಯಿಂದ:

ಮೇಡಂ, ಬಾಂದುಕಲ್ಲು ಹಾಗೆಯೇ ಎತ್ತಿಕೊಂಡೆ. ತಾಳೆ, ಹೆಣೆ ಎರಡೂ ಪಿಒ ಕಡತಕ್ಕೆ ಹೋದವು.

ಹರಿಹರದವರ ಮುಯ್ಯಾಳು ಚೆಂದದ ಪದ, ಆದರೆ ಅದರಲ್ಲಿ ಸರದಿ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಒಬ್ಬರು ತೆರೆದಿರುವಾಗ ಇನ್ನೊಬ್ಬರಿಗೆ ಬೀಗ ಬೀಳುವ ಹಳೆಯ ಪದ್ಧತಿಗೆ ಅದು ಹೊಂದುತ್ತದೆ. 'ಹಾಸುಹೊಕ್ಕು' ಕೂಡ ದೋಷಕ್ಕೆ ಬೇಡ. ಮಗ್ಗದಲ್ಲಿ ಹಾಸು ಹೊಕ್ಕು ಸರಿಯಾಗಿ ಸೇರಿದರೇ ಬಟ್ಟೆ. ಇಲ್ಲಾಗುವುದು ಬೇರೆ: ಒಬ್ಬರು 'ಕೋಟೆ', ಇನ್ನೊಬ್ಬರು 'ಬೆಟ್ಟ' ಬರೆದರೆ, ಲೊಗೂಟ್‌ನಂಥ ಕೆಲವು ಹಳೆಯ ಸಿಆರ್‌ಡಿಟಿಗಳಲ್ಲಿ ಕ, ಬ, ಓತ್ವ, ಎತ್ವ ಎಂದು ಒಂದೊಂದೇ ಗುರುತು ಬೆರೆಯಬಹುದು. ಕಕಾರದ ಓತ್ವ ಬಕಾರಕ್ಕೆ ಹತ್ತಿ 'ಕಬೋ' ಆಗುತ್ತದೆ, ಬಕಾರದ ಎತ್ವಕ್ಕೆ ನಿಲ್ಲಲು ವ್ಯಂಜನವೇ ಸಿಗದು. ಇದಕ್ಕೆ ನಮ್ಮ ಅಡುಗೆಮನೆಯ 'ಕಲಸುಮೇಲೋಗರ' ಸರಿಯಾದ ಪದ.

ಸೌಲಭ್ಯದ ಹೆಸರಿಗೆ ಈಗ ಒಂದು ದಾರಿ ಕಾಣುತ್ತಿದೆ. ಕನ್ನಡದ 'ಒಡನೆ' ಎಂಬ ಪದಕ್ಕೆ ಎರಡು ಅರ್ಥ. 'ನನ್ನೊಡನೆ ಬಾ' ಎಂದರೆ ಜೊತೆಗೆ. 'ಕಂಡೊಡನೆ ಗುರುತಿಸಿದ' ಎಂದರೆ ಆ ಕ್ಷಣವೇ. ನಮಗೆ ಬೇಕಾದ ಎರಡೂ, ಕೊಲ್ಯಾಬೊರೇಟಿವ್ ಮತ್ತು ರಿಯಲ್‌ಟೈಮ್, ಈ ಒಂದೇ ಪದದಲ್ಲಿ ಕೂಡಿವೆ. ಒಡಹುಟ್ಟು, ಒಡನಾಡಿ ಎಂಬ ಹಾದಿಯಲ್ಲಿ 'ಒಡಬರಹ'. ಮೆನುವಿನಲ್ಲಿ 'ಒಡಬರಹ ಆರಂಭಿಸಿ', 'ಶೇರ್' ಇದ್ದಲ್ಲಿ 'ಒಡಬರಹಕ್ಕೆ ಕರೆಯಿರಿ'. ಕರೆದರೆ ಬರುತ್ತಾರೆ, ಬಂದವರು ಬರೆಯುತ್ತಾರೆ ಎಂಬುದು ಗುಂಡಿ ಒತ್ತುವ ಮೊದಲೇ ಗೊತ್ತಾಗುತ್ತದೆ. 'ಒಡಕು' ನೆನಪಾಗುತ್ತದೆ ಎಂದು ಯಾರಾದರೂ ಹೇಳಬಹುದು. ಒಡಹುಟ್ಟಿದವರು ಎಂದಾಗ ಯಾರಿಗೂ ಒಡಕು ನೆನಪಾಗುವುದಿಲ್ಲವಲ್ಲ.

ಬಳಸುವವರ ಹೆಸರು ಬಂದು ಕೂರುವ ಸಾಲುಗಳಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ: ಹೆಸರಿಗೆ ವಿಭಕ್ತಿ ಪ್ರತ್ಯಯ ನೇರವಾಗಿ ಅಂಟಿಸುವುದಿಲ್ಲ. ಕೊನೆಯ ಸ್ವರ ನೋಡಿ ಪ್ರತ್ಯಯ ಬದಲಾಗುತ್ತದೆ, ಯಂತ್ರಕ್ಕೆ ಅದು ತಿಳಿಯದು. ಹೆಸರಿನ ಮುಂದೆ 'ಅವರ ಬದಲಾವಣೆ', 'ಅವರು ಸೇರಿದರು' ಎಂದರೆ ಪ್ರತ್ಯಯವೂ ಲಿಂಗವೂ ಗೌರವವೂ ಒಟ್ಟಿಗೆ ಬಗೆಹರಿಯುತ್ತವೆ. ಆದರೆ 'ಲೆಫ್ಟ್' ಎಂಬುದಕ್ಕೆ ಎಲ್ಲ ಕಡೆ 'ಹೊರಟರು' ಹಾಕುವಂತಿಲ್ಲ. ವೈಜೆಎಸ್‌ನ ಹಾಜರಿ ಭಾಗ 30 ಸೆಕೆಂಡು ಸುದ್ದಿ ಬರದಿದ್ದರೆ ಆ ವ್ಯಕ್ತಿಯನ್ನು ಪಟ್ಟಿಯಿಂದ ತೆಗೆಯುತ್ತದೆ. ಅವರು ಎದ್ದು ಹೋಗಿಲ್ಲ, ನೆಟ್ ಹೋಗಿದೆ. ಅಲ್ಲಿ 'ಅವರ ಸಂಪರ್ಕ ಕಡಿದಿದೆ' ಎನ್ನಬೇಕು. ಮೂಲದಲ್ಲಿ ಎರಡಕ್ಕೂ ಒಂದೇ ಸಾಲಿದೆ; ಸಂದರ್ಭ ಬೇರ್ಪಡಿಸಿ ಕೊಡಿ ಎಂದು ಕೇಳಿದ್ದೇನೆ.

ಉಳಿದದ್ದು 'ಅಂಡೂ'. 'ರದ್ದುಗೊಳಿಸು' ಎಂದರೆ 'ಕ್ಯಾನ್ಸಲ್' ಜೊತೆ ಗೊಂದಲ. ಅದಕ್ಕಿಂತ ದೊಡ್ಡ ತೊಡಕು ಯಾರದ್ದನ್ನು ಎಂಬುದು. ಜಿಟಿಕೆ 4ರ ಬಫರ್‌ಗೆ ತನ್ನದೇ ಅಂಡೂ ಇದೆ. ಅದನ್ನು ನಿಲ್ಲಿಸದೆ ಪ್ಲಗಿನ್ ಜೋಡಿಸಿದರೆ ನಾನು ಕಂಟ್ರೋಲ್-ಝಡ್ ಒತ್ತಿದಾಗ ನಿಮ್ಮ ಸಾಲು ಅಳಿಯುತ್ತದೆ. ನಿಲ್ಲಿಸಿ ವೈಜೆಎಸ್‌ನ ಅಂಡೂಗೆ ಒಪ್ಪಿಸಿದರೆ, ಯಾರಿಂದ ಬಂದದ್ದೆಂದು ನೋಡಿ ನನ್ನದನ್ನು ಮಾತ್ರ ಹಿಂತೆಗೆಯುವಂತೆ ಮಾಡಬಹುದು. ಅದು 500 ಮಿಲಿಸೆಕೆಂಡಿನೊಳಗಿನ ಕೀಲಿಗಳನ್ನು ಒಂದು ಬದಲಾವಣೆಯಾಗಿ ಕೂಡಿಸುತ್ತದೆ. ನಿಧಾನವಾಗಿ ಟೈಪಿಸುವವರಿಗೆ ದಕಾರ ಒಂದು, ಓತ್ವ ಇನ್ನೊಂದು ಆಗಿಬಿಡುತ್ತದೆ. ಹಿಂತೆಗೆದರೆ 'ದೋ' ಹೋಗಿ 'ದ' ಉಳಿಯುತ್ತದೆ. ಆದ್ದರಿಂದ ಮೆನುವಿನಲ್ಲಿ 'ಕೊನೆಯ ಅಕ್ಷರ' ಎಂದು ಮಾತು ಕೊಡುವಂತಿಲ್ಲ. 'ನನ್ನ ಕೊನೆಯ ಬದಲಾವಣೆ ಹಿಂತೆಗೆ' ಎಂದು ಬರೆದಿದ್ದೇನೆ. ನಾಲ್ಕು ಪದವಾಯಿತು, ಮೆನುವಿಗೆ ಉದ್ದ. 'ನನ್ನ' ಎಂಬುದನ್ನು ಬಿಡದೆ ಇದನ್ನು ಮೊಟಕು ಮಾಡುವ ದಾರಿ ಹೊಳೆದರೆ ತಿಳಿಸಿ.